ಇದು ಯಾವ ತೊಂದರೆಗೆ?

ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಬಂದ ಮೇಲೆ ನನಗೆ ಗುರುತಿಲ್ಲದವರ ಫೋನು ಬರುವುದು ಶುರುವಾಯಿತು. ಅವರ ಮನೆಯಲ್ಲಿ ಯಾರಿಗೋ ಸ್ತನ ಕ್ಯಾನ್ಸರ್ ಎಂದು ಆಗಷ್ಟೇ ಗೊತ್ತಾಗಿರುತ್ತದೆ, ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ. ಆಪರೇಷನ್ ಬಗ್ಗೆ, ಕೀಮೋ ಬಗ್ಗೆ ಕೇಳಿ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ಅದರ ಜೊತೆಗೆ ಬೇರೆ ಏನಾದ್ರೂ ಮಾಡಿದ್ರಾ?"

ಮಾಡಿದ್ದೇನೆ. ಯೋಗ ಮಾಡಿದೆ, ಮಣಿಕಟ್ಟಿನಲ್ಲಿ ಒತ್ತು ಕೊಡುವುದನ್ನು ಕಲಿತೆ, ತೋಟದಲ್ಲಿ ನಡೆದೆ, ಕೈ ಊದಿಕೊಳ್ಳದ ಹಾಗೆ ಮಸಾಜ್ ಮಾಡಿಸಿಕೊಂಡೆ, ಕೀಮೋ ಹನಿಯುವಾಗ ಅಂಗೈಯಲ್ಲಿ ಐಸ್ ಪ್ಯಾಕ್ ಹಿಡಿದು ಕುಳಿತೆ. ಇವುಗಳಲ್ಲಿ ಯಾವುದೂ ನನ್ನ ಗಡ್ಡೆಯನ್ನು ಕರಗಿಸಲಿಲ್ಲ. ಆ ಕೆಲಸ ಮಾಡಿದ್ದು ಆಪರೇಷನ್, ಕೀಮೋ, ನಮ್ಮ ಕಡೆ 'ಕರೆಂಟ್ ಕೊಡೋದು' ಅನ್ನುವ ರೇಡಿಯೇಷನ್, ಮತ್ತು ಈಗಲೂ ದಿನಾ ನುಂಗುವ, ಹಾರ್ಮೋನ್ ತಗ್ಗಿಸುವ ಲೆಟ್ರೊಜೋಲ್ ಮಾತ್ರೆ. ಉಳಿದವೆಲ್ಲ ನನಗೆ ನಿದ್ದೆ ಕೊಟ್ಟವು, ಎರಡು ತುತ್ತು ಹೆಚ್ಚಿಗೆ ಊಟ ಕೊಟ್ಟವು, ರವಿಕೆಯ ಹುಕ್ಕು ನಾನೇ ಹಾಕಿಕೊಳ್ಳುವ ಬೆರಳು ಉಳಿಸಿಕೊಟ್ಟವು. ಆ ದಿನಗಳನ್ನು ಕಂಡವಳಾಗಿ ಹೇಳುತ್ತೇನೆ, ಇವು ಸಣ್ಣ ಲಾಭಗಳಲ್ಲ.

ನಮ್ಮದು ತಿಪಟೂರು. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವವಳು. ಬಯಾಪ್ಸಿ ರಿಪೋರ್ಟ್ ಬಂದ ಸುದ್ದಿ ಹಬ್ಬಿದ ಮೇಲೆ ನಮ್ಮ ಮನೆಗೆ ಬಂದವರಲ್ಲಿ ಬರಿಗೈಯಲ್ಲಿ ಬಂದವರು ಕಡಿಮೆ. ಭಾವ ಅಮೃತಬಳ್ಳಿ ತಂದರು. ಚಿಕ್ಕಮ್ಮ ಲಕ್ಷ್ಮಣಫಲದ ಎಲೆ ಒಣಗಿಸಿ ಪೊಟ್ಟಣ ಕಟ್ಟಿಕೊಂಡು ಬಂದರು. ಪಕ್ಕದ ಮನೆಯವರು ಗೋಧಿ ಹುಲ್ಲು ಬೆಳೆಸಿದ ಟ್ರೇಯನ್ನೇ ತಂದು ಜಗಲಿಯ ಮೇಲಿಟ್ಟರು. ಜೊತೆಯ ಮೇಷ್ಟ್ರೊಬ್ಬರು ಸಾಗರ ತಾಲೂಕಿನ ನರಸೀಪುರದ ಮಾತು ತೆಗೆದರು. ಅಲ್ಲಿ ಮರದ ತೊಗಟೆಯ ಔಷಧಿ ಕೊಡುತ್ತಿದ್ದ ನಾಟಿ ವೈದ್ಯರ ಮನೆ ಮುಂದೆ ಹೊರ ರಾಜ್ಯಗಳಿಂದ ಬಂದವರೂ ಸಾಲು ನಿಲ್ಲುತ್ತಿದ್ದುದನ್ನು ನಮ್ಮಲ್ಲಿ ಕೇಳದವರಿಲ್ಲ. ಆ ವೈದ್ಯರು 2020ರಲ್ಲಿ ತೀರಿಕೊಂಡರು, ಹೆಸರು ಮಾತ್ರ ಇನ್ನೂ ಊರೂರಿನಲ್ಲಿ ಓಡಾಡುತ್ತಿದೆ. ತಂದವರೆಲ್ಲ ಪ್ರೀತಿಯಿಂದಲೇ ತಂದರು. ನನ್ನ ಕಾಯಿಲೆ ಅವರನ್ನೂ ಹೆದರಿಸಿತ್ತು, ಏನಾದರೂ ಮಾಡಲೇಬೇಕು ಅನ್ನುವ ತಳಮಳ ಅವರಿಗೂ ಇತ್ತು.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೆಂಗಳೂರಿಗೆ ಹೋದೆ. ಕೀಮೋ ಶುರುವಾಗುವ ಮುಂಚಿನ ಭೇಟಿ. ಜೊತೆಗೆ ಭಾವನೂ ಇದ್ದರು. ಡಾಕ್ಟರ್ ಪಟ್ಟಿಯನ್ನು ಪೂರ್ತಿ ಓದಿದರು, ಬೈಯಲಿಲ್ಲ. ಅಮೃತಬಳ್ಳಿಯ ಸಾಲಿನ ಮೇಲೆ ಪೆನ್ನಿಟ್ಟು, "ಅಮ್ಮಾ, ಇದು ಯಾವ ತೊಂದರೆಗೆ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಭಾವ, "ಕ್ಯಾನ್ಸರ್‌ಗೇ ಮೇಡಂ" ಅಂದರು.

"ಕ್ಯಾನ್ಸರ್ ನನಗೆ ಬಿಡಿ ಸಾರ್, ಅದು ನನ್ನ ಜವಾಬ್ದಾರಿ. ನಿದ್ದೆ ಬರ್ತಿಲ್ವಾ, ವಾಕರಿಕೆನಾ, ಭಯನಾ, ನೋವಾ? ಯಾವುದು ಅಂತ ಹೇಳಿ. ಆಗ ಅದಕ್ಕೆ ಏನು ಮಾಡಬಹುದು ನೋಡೋಣ."

ಚಿಕಿತ್ಸೆಯ ಉದ್ದಕ್ಕೂ ನನ್ನನ್ನು ಕಾಪಾಡಿದ್ದು ಈ ಪ್ರಶ್ನೆಯೇ. ಯಾರು ಏನೇ ಹೇಳಲಿ, ಇದು ನನ್ನ ಯಾವ ತೊಂದರೆಗೆ ಎಂದು ಕೇಳಿಕೊಳ್ಳುತ್ತಿದ್ದೆ. ಉತ್ತರ ಸಿಕ್ಕಿದರೆ ಒಂದೆರಡು ವಾರ ಮಾಡಿ ನೋಡುತ್ತಿದ್ದೆ, ಕಡಿಮೆಯಾಗದಿದ್ದರೆ ಬಿಡುತ್ತಿದ್ದೆ.

ಡಾಕ್ಟರ್ ಇನ್ನೊಂದು ಗೆರೆಯನ್ನೂ ಎಳೆದುಕೊಟ್ಟರು. ಬಾಯಿಗೆ ಹೋಗುವುದೆಲ್ಲ ಮೊದಲು ಅವರ ಕಣ್ಣಿಗೆ ಬೀಳಬೇಕು. ಉಸಿರು, ನಡಿಗೆ, ಸಂಗೀತ, ಹಗುರ ಮಸಾಜ್ ಇಂಥವಕ್ಕೆ ಅಷ್ಟು ಕಟ್ಟುಪಾಡಿಲ್ಲ, ಆದರೂ ಕೇಳಿ ಮಾಡಬೇಕು. ಕಾರಣವನ್ನು ಭಾವನಿಗೂ ಅರ್ಥವಾಗುವ ಹಾಗೆ ಹೇಳಿದರು. ಕೀಮೋ ಔಷಧಿಗಳಲ್ಲಿ ಹಲವನ್ನು ಅರಗಿಸುವುದು ಯಕೃತ್ತು. ಕಷಾಯದ ಸತ್ವ ಹೋಗುವುದೂ ಅಲ್ಲಿಗೇ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕೀಮೋ ನಡುವೆ ಯಕೃತ್ತಿನ ರಿಪೋರ್ಟ್ ಏರುಪೇರಾದರೆ ಅದು ಕೀಮೋದಿಂದಲೋ ಕಷಾಯದಿಂದಲೋ ಎಂದು ಹೇಳುವುದು ಕಷ್ಟ. ಮುಂದಿನ ಡೋಸ್ ತಡವಾಗುತ್ತದೆ, ನಷ್ಟ ರೋಗಿಗೆ. ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ, ಅರಿಶಿನದ ಸತ್ವ ತುಂಬಿದ ಕ್ಯಾಪ್ಸೂಲ್ ಬೇಡ. ಚಕ್ಕೋತ ಹಣ್ಣು ಬೇಡ, ಕೆಲವು ಔಷಧಿಗಳು ಅರಗುವ ರೀತಿಯನ್ನೇ ಅದು ಬದಲಿಸುತ್ತದೆ. ಕೌಂಟ್, ಅಂದರೆ ರಕ್ತದ ಬಿಳಿ ಕಣಗಳ ಸಂಖ್ಯೆ, ಬಿದ್ದಿರುವಾಗ ಹಸಿ ಹುಲ್ಲಿನ ರಸವೂ ಬೇಡ.

ಭಾವ ಇಷ್ಟಕ್ಕೆ ಸುಮ್ಮನಾಗಲಿಲ್ಲ. "ಬರೀ ನಾಟಿ ಔಷಧಿಯಲ್ಲೇ ವಾಸಿಯಾದೋರು ಇದಾರಲ್ಲ ಮೇಡಂ?" ಅಂದರು. ಅದಕ್ಕೆ ಡಾಕ್ಟರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನದ ಮಾತು ಹೇಳಿದರು. ಅದು ಪ್ರಕಟವಾದದ್ದು 2018ರಲ್ಲಿ. ದೂರಕ್ಕೆ ಹರಡದ ಕ್ಯಾನ್ಸರ್ ಇದ್ದೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧಿ ಆರಿಸಿಕೊಂಡ 281 ಜನರನ್ನು, ಆಸ್ಪತ್ರೆಯ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದ್ದರು. ಪರ್ಯಾಯಕ್ಕೆ ಹೋದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟಿಗೂ ಹೆಚ್ಚು. ತಿರುಗಿ ಬರುವಾಗ ರೈಲಿನಲ್ಲಿ ಅರಸೀಕೆರೆ ಕಡೆಯ ಜನ ಅದೇ ನಾಟಿ ಔಷಧಿಯ ಮಾತಾಡಿದರೂ ಭಾವ ಬಾಯಿ ಹಾಕಲಿಲ್ಲ.

ಅದೇ ದಿನ ಇನ್ನೊಂದು ಕೆಲಸ ಆಯಿತು. ಆಸ್ಪತ್ರೆಯ ಹುಡುಗಿಯೊಬ್ಬಳು ಕನ್ನಡದಲ್ಲೇ ಅಚ್ಚಾದ ಒಂದು ಫಾರಂ ಕೊಟ್ಟಳು. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ರೂಪಿಸಿದ 30 ಪ್ರಶ್ನೆಗಳ ಪಟ್ಟಿ ಅದು. ಕಳೆದ ಒಂದು ವಾರದಲ್ಲಿ ದಣಿವಿತ್ತೇ, ನಿದ್ದೆಗೆ ತೊಂದರೆಯಾಯಿತೇ, ವಾಕರಿಕೆ ಬಂತೇ, ಪತ್ರಿಕೆ ಓದುವಾಗ ಮನಸ್ಸು ನಿಂತಿತೇ, ಚಿಂತೆಯಾಯಿತೇ, ಕಾಯಿಲೆಯಿಂದ ಹಣದ ಅಡಚಣೆ ಬಂತೇ? ಹೆಚ್ಚಿನವಕ್ಕೆ 'ಇಲ್ಲವೇ ಇಲ್ಲ'ದಿಂದ 'ತುಂಬಾ' ತನಕ ನಾಲ್ಕು ಉತ್ತರ. ಕೊನೆಯ ಎರಡು ಪ್ರಶ್ನೆಗಳಿಗೆ ಮಾತ್ರ 1ರಿಂದ 7ರ ತನಕ ಅಂಕ ಹಾಕಬೇಕು: ಒಟ್ಟಾರೆ ಆರೋಗ್ಯ ಹೇಗಿದೆ, ಒಟ್ಟಾರೆ ಬದುಕಿನ ಗುಣಮಟ್ಟ ಹೇಗಿದೆ. ಬಯಾಪ್ಸಿ ಆದಾಗಿನಿಂದ ಎಲ್ಲರೂ ನನ್ನ ಗಡ್ಡೆಯ ಗಾತ್ರವನ್ನೇ ಕೇಳುತ್ತಿದ್ದರು. ನನ್ನ ನಿದ್ದೆಯನ್ನು ಕೇಳಿದ್ದು ಈ ಹಾಳೆ. ಮನೆಗೆ ಬಂದ ಮೇಲೂ ಅದೇ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಭಾನುವಾರಗಳಂದು ಅಂಕ ಹಾಕುತ್ತಿದ್ದೆ. ಯಾವುದರಿಂದ ಏನಾಯಿತು ಎಂದು ನಾನು ಇಲ್ಲಿ ಹೇಳುತ್ತಿರುವುದು ಆ ಪುಟಗಳನ್ನು ನೋಡಿಕೊಂಡೇ.

ಕೀಮೋದ ಮೊದಲ ಹಂತದಲ್ಲಿ ಕೊಟ್ಟಿದ್ದು ಕೆಂಪು ಔಷಧಿ, ಡಾಕ್ಸೊರುಬಿಸಿನ್. ಜೊತೆಗೆ ಸೈಕ್ಲೊಫಾಸ್ಫಮೈಡ್. ಮೂರು ವಾರಕ್ಕೊಮ್ಮೆ. ಮೂತ್ರವೂ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ವಾಂತಿಗೆ ಎಮೆಸೆಟ್ ಮತ್ತಿತರ ಮಾತ್ರೆಗಳಿದ್ದವು, ವಾಂತಿ ನಿಂತಿತು ಕೂಡ. ನಿಲ್ಲದೇ ಇದ್ದದ್ದು ವಾಕರಿಕೆ. ಒಗ್ಗರಣೆಯ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದೆ. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕು ನೆಕ್ಕಿದ ಹಾಗೆ.

ವಾಕರಿಕೆಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಒತ್ತು ಬಿಂದು. ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಮೂರು ಬೆರಳಿನಷ್ಟು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿಟ್ಟು ಒಂದೆರಡು ನಿಮಿಷ ಒತ್ತುವುದು. ಆಪರೇಷನ್ ಆದ ಕಡೆಯ ಎಡಗೈಯನ್ನು ಬಿಟ್ಟು ಬಲಗೈಯಲ್ಲಿ ಮಾತ್ರ. ಮಾತ್ರೆಯ ಜೊತೆಗೆ ಇದನ್ನು ಮಾಡಿದ ಸುತ್ತಿನಲ್ಲಿ ವಾಕರಿಕೆಯ ಅಂಕ 'ತುಂಬಾ'ದಿಂದ 'ಸ್ವಲ್ಪ'ಕ್ಕೆ ಇಳಿದಿದೆ. ಮಾತ್ರೆ ಬಿಟ್ಟು ಬರೀ ಇದನ್ನೇ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಶುಂಠಿ ಕಷಾಯವನ್ನು ಡಾಕ್ಟರನ್ನು ಕೇಳಿಯೇ ಕುಡಿದು ನೋಡಿದೆ, ನನಗೆ ಎದೆಯುರಿ ಬಂತು, ಬಿಟ್ಟೆ. ನಿಂಬೆಸಿಪ್ಪೆ ಮೂಸುವುದು ಅದಕ್ಕಿಂತ ಹಿತವಾಗಿತ್ತು. ಊಟವನ್ನು ತಣ್ಣಗೆ ಮಾಡಿಕೊಂಡು ಕೈಯಲ್ಲೇ ಉಣ್ಣುತ್ತಿದ್ದೆ: ಮೊಸರನ್ನ, ರಾಗಿ ಅಂಬಲಿ. ಬಾಯಿ ಹುಣ್ಣಿಗೆ ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಹಲವು ಸಲ ಮುಕ್ಕಳಿಸುವುದು. ಇದು ಆಸ್ಪತ್ರೆಯವರೇ ಹೇಳುವ ಮದ್ದು, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ.

ಯೋಗದ ಬಗ್ಗೆ ನಿಧಾನವಾಗಿ ಹೇಳಬೇಕು. ಫೋನು ಮಾಡುವವರಲ್ಲಿ ಹೆಚ್ಚಿನವರು ಕೇಳುವುದೂ ಅದನ್ನೇ, ತಪ್ಪಾಗಿ ಮಾಡುವುದೂ ಅದನ್ನೇ. ಟಿವಿ ನೋಡಿಕೊಂಡು ಕಪಾಲಭಾತಿ ಶುರು ಮಾಡಿದವರನ್ನು ಕಂಡಿದ್ದೇನೆ. ಆಸ್ಪತ್ರೆಯಲ್ಲಿ ನನಗೆ ಕಲಿಸಿದ ಯೋಗ ಶಿಕ್ಷಕಿ ಮೊದಲು ಕೇಳಿದ್ದು ಕೌಂಟ್ ಎಷ್ಟಿದೆ, ಕೀಮೋ ಹರಿಸಲು ಚರ್ಮದಡಿ ಕೂರಿಸುವ ಪೋರ್ಟ್ ಯಾವ ಕಡೆ ಹಾಕಿದ್ದಾರೆ, ಎಡಗೈ ಎಷ್ಟು ಮೇಲೆ ಹೋಗುತ್ತದೆ ಎಂದು. ಕೀಮೋ ಆದ ಮರುದಿನ ಮಲಗಿಕೊಂಡೇ ಉಸಿರಾಟ, ಅಷ್ಟೇ. ಕೌಂಟ್ ಬೀಳುವ ಎರಡನೇ ವಾರದಲ್ಲಿ ಹತ್ತು ಜನ ಸೇರುವ ಹಾಲ್‌ಗೆ ಬರಕೂಡದು, ಮನೆಯಲ್ಲೇ ಕುರ್ಚಿಯ ಮೇಲೆ ಕುಳಿತು ಕೀಲುಗಳನ್ನು ಸಡಿಲಿಸುವುದು. ಮೂರನೇ ವಾರದಲ್ಲಿ ಮೈಗೆ ಬಲ ಬಂದಾಗ ನಿಂತು ಮಾಡುವ ಸರಳ ಆಸನ. ಜೋರು ಉಸಿರಾಟ, ತಲೆಕೆಳಗಾಗುವ ಆಸನ ಯಾವ ವಾರದಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲಿ ಇದರ ಬಗ್ಗೆ ಸರಿಯಾಗಿ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನ ಹೊರಗೆ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಬೆಂಗಳೂರಿನ ಸ್ತನ ಕ್ಯಾನ್ಸರ್ ರೋಗಿಗಳನ್ನೇ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಆಪ್ತ ಸಮಾಲೋಚನೆ ಕೊಟ್ಟು ನೋಡಿದ್ದರು. ಕೀಮೋ ನಂತರದ ವಾಕರಿಕೆ ಯೋಗದ ಗುಂಪಿನಲ್ಲಿ ಕಡಿಮೆಯಿತ್ತು ಎಂದು 2007ರಲ್ಲಿ ಪ್ರಕಟಿಸಿದರು. ಯೋಗದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ. ಹೇಳಿದ್ದು ವಾಕರಿಕೆಯ ಮಾತು, ನನಗೆ ಬೇಕಾಗಿದ್ದೂ ಅದೇ.

ಎಲ್ಲಕ್ಕಿಂತ ನನಗೆ ಒದಗಿದ್ದು ದುಂಬಿಯ ಹಾಗೆ ನಾದ ಮಾಡುತ್ತ ಉಸಿರು ಬಿಡುವ ಭ್ರಾಮರಿ ಮತ್ತು ಆಳ ವಿಶ್ರಾಂತಿ. ಕೂದಲು ಪೂರ್ತಿ ಉದುರಿದ ತಲೆಯ ಮೇಲೆ ಅಂಗೈಯಿಟ್ಟು ಭ್ರಾಮರಿ ಮಾಡಿದರೆ ನಾದದ ಕಂಪನ ಕೈಗೇ ತಾಗುತ್ತದೆ. ಕನ್ನಡಿಯಲ್ಲಿ ನೋಡಲಾಗದೇ ಇದ್ದ ಆ ತಲೆಯನ್ನು ನಾನು ಮೊದಲು ಮುಟ್ಟಿಕೊಂಡದ್ದು ಹಾಗೆ. ಆಳ ವಿಶ್ರಾಂತಿಯಲ್ಲಿ ಕಾಲ್ಬೆರಳಿನಿಂದ ಶುರು ಮಾಡಿ ಒಂದೊಂದೇ ಅಂಗವನ್ನು ಸಡಿಲ ಬಿಡುತ್ತ ಮೇಲೆ ಬರಬೇಕು. ಶಿಕ್ಷಕಿ "ಈಗ ಎದೆ" ಅಂದಾಗ ನನಗೆ ಅಳು ಒತ್ತರಿಸಿ ಬಂತು, ಎಡಗಡೆ ತೆಗೆದಿದ್ದರಲ್ಲ. ಅವರು ಪಕ್ಕಕ್ಕೆ ಬಂದು ಕುಳಿತು, "ಅತ್ತುಬಿಡಿ ಮೇಡಂ, ಆಮೇಲೆ ಆ ಜಾಗಕ್ಕೂ ವಿಶ್ರಾಂತಿ ಕೊಡೋಣ" ಅಂದರು. ಆಪರೇಷನ್ ಆದ ಮೇಲೆ ಆ ಗಾಯದ ಬಗ್ಗೆ ಅಷ್ಟು ಮೃದುವಾಗಿ ಯಾರೂ ಮಾತಾಡಿರಲಿಲ್ಲ.

ನಿದ್ದೆಯದೂ ಅಲ್ಲೇ ಬಗೆಹರಿಯಿತು, ಪೂರ್ತಿ ಯೋಗದಿಂದಲ್ಲ. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್‌ನಿಂದ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ. ನೋಟ್‌ಬುಕ್ ತೋರಿಸಿದಾಗ ಡಾಕ್ಟರ್ ಮನೆಯಲ್ಲಿ ನುಂಗುವ ಆ ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ಅರ್ಧ ಗೆದ್ದದ್ದು ಅದರಿಂದ, ಉಳಿದರ್ಧ ಮಲಗುವ ಮುಂಚಿನ ಆಳ ವಿಶ್ರಾಂತಿಯಿಂದ. ಅಂಕ ಬರೆದಿಡದೇ ಹೋಗಿದ್ದರೆ ನಿದ್ದೆ ಬರದೇ ಇರುವುದನ್ನು ಕ್ಯಾನ್ಸರ್‌ನ ಹಣೆಬರಹ ಅಂದುಕೊಂಡು ಇದ್ದುಬಿಡುತ್ತಿದ್ದೆ.

ದಣಿವಿನ ಮಾತು ಬೇರೆ. ಅದು ಮಲಗಿದರೆ ಹೋಗುವ ದಣಿವಲ್ಲ. ಅತ್ತೆ ಪಾಪ, "ಎದ್ದೇಳಬೇಡ, ಮಲಕ್ಕಳಮ್ಮ" ಅಂತಲೇ ಇದ್ದರು. ಮಲಗಿದಷ್ಟೂ ಕಾಲು ಇನ್ನೂ ಸೋಲುತ್ತಿತ್ತು. ಕ್ಯಾನ್ಸರ್‌ನ ದಣಿವಿಗೆ ವ್ಯಾಯಾಮವನ್ನು ಹೇಳಬೇಕು ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದವರು 2024ರ ತಮ್ಮ ಮಾರ್ಗಸೂಚಿಯಲ್ಲೂ ಹೇಳಿದ್ದಾರೆ. ನಮ್ಮ ತೆಂಗಿನ ತೋಟದಲ್ಲಿ ಬಿಸಿಲು ಏರುವ ಮುಂಚೆ, ಮೊದಲು ಬಾವಿಯ ತನಕ, ಆಮೇಲೆ ಬೇಲಿಯ ತನಕ ನಡೆದೆ. ಇವರು ಹಿಂದೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಬರುತ್ತಿದ್ದರು. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ನಡಿಗೆ, ಯೋಗ, ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು. ಈ ಒಂದು ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದು ಅಂಟಿಸಿದ್ದೆವು.

ಎರಡನೇ ಹಂತದ ಪ್ಯಾಕ್ಲಿಟ್ಯಾಕ್ಸೆಲ್ ವಾಕರಿಕೆ ತರಲಿಲ್ಲ, ಬೆರಳು ಜೋಮು ಹಿಡಿಸಿತು. ಚಾಕ್ ಹಿಡಿದರೆ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಕೀಮೋ ಕೊಡುವ ಡೇ ಕೇರ್‌ನ ಸಿಸ್ಟರ್ ಒಬ್ಬರು, ಔಷಧಿ ಹರಿಯುವಷ್ಟು ಹೊತ್ತು ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹಿಡಿದು, ಪಾದಕ್ಕೂ ಇಟ್ಟುಕೊಳ್ಳಲು ಹೇಳಿದರು. ತಣ್ಣಗಾದಾಗ ಬೆರಳ ತುದಿಗೆ ರಕ್ತ ಕಡಿಮೆ ಹೋಗುತ್ತದೆ, ಔಷಧಿಯೂ ಅಷ್ಟೇ ಕಡಿಮೆ. ಕೆಲವು ಅಧ್ಯಯನಗಳಲ್ಲಿ ಇದರಿಂದ ಫಲ ಕಂಡಿದೆ. ಕೊನೆಯ ಡೋಸ್‌ಗಳಲ್ಲಿ ನನ್ನ ಜೋಮು ಹೆಚ್ಚದೆ ಅಲ್ಲಿಗೇ ನಿಂತಿತು. ಮನೆಯಲ್ಲಿ ಮಗಳು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಪಾದ ಸವರುತ್ತಿದ್ದಳು. ಅದರಿಂದ ನರ ಸರಿಯಾಯಿತು ಎಂದು ನಾನು ಹೇಳಲಾರೆ, ಆದರೆ ಆ ಹೊತ್ತಿನಲ್ಲಿ ಅವಳು ಕಾಲೇಜಿನ ಮಾತನ್ನೆಲ್ಲ ಹೇಳುತ್ತಿದ್ದಳು, ನಾವಿಬ್ಬರೂ ಆಸ್ಪತ್ರೆಯ ಮಾತು ಆಡುತ್ತಿರಲಿಲ್ಲ.

ಮಸಾಜ್ ಬಗ್ಗೆ ಎಚ್ಚರ ಬೇಕು. ಕಂಕುಳ ಗಂಟುಗಳನ್ನು ತೆಗೆದ ಮೇಲೆ ಆ ಕೈಯಲ್ಲಿ ನೀರು ತುಂಬಿ ಊದುವ ಭಯ ಇರುತ್ತದೆ. ಊರಿನಲ್ಲಿ ಬಾಣಂತಿಯರಿಗೆ ಎಣ್ಣೆ ನೀವುವ ಅಜ್ಜಿ, ಚೆನ್ನಾಗಿ ತಿಕ್ಕಿ ಇಳಿಸುತ್ತೇನೆ ಎಂದು ಬಂದಿದ್ದರು. ಫಿಸಿಯೋಥೆರಪಿಸ್ಟ್ ಮಾಡುವುದು ಅದಲ್ಲವೇ ಅಲ್ಲ. ಚರ್ಮವನ್ನಷ್ಟೇ ಸರಿಸುವಷ್ಟು ಹಗುರವಾಗಿ, ನೀರು ಹರಿದು ಹೋಗಬೇಕಾದ ದಿಕ್ಕಿನಲ್ಲಿ ಸವರುತ್ತಾರೆ. ಜೊತೆಗೆ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈಯನ್ನು ದಿನಕ್ಕಿಷ್ಟು ಮೇಲೇರಿಸುವುದು, ಟೇಪಿನಿಂದ ಸುತ್ತಳತೆ ಬರೆದಿಡುವುದು. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನ ಇದ್ದಾಗ ಒತ್ತಿ ಮಾಡುವ ಮಸಾಜ್ ಅಪಾಯ. ಅಜ್ಜಿಗೆ ಇದನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಅವರು ಕೇಳಿಸಿಕೊಂಡು, ನನ್ನ ಬೆನ್ನು ಮತ್ತು ಪಾದಕ್ಕೆ ಮಾತ್ರ ಹಗುರವಾಗಿ ಎಣ್ಣೆ ಸವರಿ ಹೋದರು.

ಇನ್ನೊಂದು ಜಾಗಕ್ಕೂ ನನ್ನನ್ನು ಕರೆದುಕೊಂಡು ಹೋಗಿದ್ದರು, ಹೆಸರು ಬೇಡ. ಅಲ್ಲಿ ಮೊದಲ ಭೇಟಿಯಲ್ಲೇ, "ಉಳಿದ ಕೀಮೋ ನಿಲ್ಲಿಸಿ ಬನ್ನಿ" ಅಂದರು. ದೊಡ್ಡ ಮೊತ್ತವನ್ನು ಮುಂಗಡ ಕೇಳಿದರು. ಯಾವ ತೊಂದರೆಗೆ ಎಂಬ ನನ್ನ ಪ್ರಶ್ನೆಗೆ, "ಬೇರಿನಿಂದ ಕಿತ್ತು ಹಾಕುತ್ತೇವೆ" ಅನ್ನುವುದನ್ನು ಬಿಟ್ಟು ಬೇರೆ ಉತ್ತರವಿರಲಿಲ್ಲ. ಆಸ್ಪತ್ರೆಯ ಚಿಕಿತ್ಸೆಯನ್ನು ಬಿಡಿಸುವವರು ಪೂರಕ ಚಿಕಿತ್ಸೆ ಕೊಡುವವರಲ್ಲ. ಅಂಥ ಕಡೆ ಚಪ್ಪಲಿ ಬಿಡುವ ಮೊದಲೇ ತಿರುಗಿ ಬರಬೇಕು.

ನೋವಿನ ಬಗ್ಗೆ ನನಗೆ ಕೋಪವೇ ಇದೆ. ರೇಡಿಯೇಷನ್ ಸಾಲಿನಲ್ಲಿ ನನ್ನ ಜೊತೆ ಕೂರುತ್ತಿದ್ದ ಒಬ್ಬಾಕೆಗೆ ಕಾಯಿಲೆ ಮೂಳೆಗೆ ಹರಡಿತ್ತು. ಆಕೆಯ ಮನೆಯವರು, ಮಾರ್ಫಿನ್ ಅಂದರೆ ಕೊನೆಗಾಲ ಎಂದು ಹೆದರಿ, ಧ್ಯಾನ ಮಾಡು, ನೋವು ಮರೆಯುತ್ತೆ ಅನ್ನುತ್ತಿದ್ದರು. ಮೂಳೆಯ ನೋವನ್ನು ಧ್ಯಾನದ ಹೆಗಲಿಗೆ ಹೊರಿಸುವುದು ಅನ್ಯಾಯ. ಆಕೆಯನ್ನು ನೋವು, ಸಂಕಟ ಇಳಿಸುವ ಉಪಶಮನ ಆರೈಕೆ ವಿಭಾಗಕ್ಕೆ ಕಳಿಸಿದ ಮೇಲೆ, ಮಾರ್ಫಿನ್ ಮಾತ್ರೆಯಿಂದ ನೋವು ಹಿಡಿತಕ್ಕೆ ಬಂದ ಮೇಲೆ, ಆಕೆ ಎದ್ದು ಕುಳಿತು ನನ್ನ ಜೊತೆ ಭ್ರಾಮರಿ ಮಾಡಿದರು. ನೋವಿಳಿಸುವ ಔಷಧಿ ಮೊದಲು, ಉಳಿದದ್ದು ಅದರ ಜೊತೆಗೆ. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲೆಂದೇ 2014ರಲ್ಲಿ ಕೇಂದ್ರ ಸರ್ಕಾರ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದಿದೆ. ಬೆಂಗಳೂರಿನ ಮಾರತ್‌ಹಳ್ಳಿ ಬಳಿಯ ಕರುಣಾಶ್ರಯದಲ್ಲಿ, ವಾಸಿಯಾಗುವ ಹಂತ ದಾಟಿದವರಿಗೆ 1999ರಿಂದ ಹಣ ಪಡೆಯದೆ ಆರೈಕೆ ಮಾಡುತ್ತಿದ್ದಾರೆ. ಉಪಶಮನ ಆರೈಕೆಯನ್ನು ಕಾಯಿಲೆಯ ಮೊದಲ ದಿನದಿಂದಲೂ ಕೇಳಬಹುದು. ಬಹಳ ಜನ ಅದನ್ನು ಕೇಳುವುದೇ ಇಲ್ಲ.

ಈಗ ನನ್ನ ತೊಂದರೆ ಕೀಲುನೋವು, ಲೆಟ್ರೊಜೋಲ್ ತರುವ ನೋವು. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲಾಗುವುದಿಲ್ಲ. ನೋವು ಅಂತ ಮಾತ್ರೆಯನ್ನೇ ಬಿಟ್ಟವರಿದ್ದಾರೆ, ನಾನು ಬಿಡುವುದಿಲ್ಲ. ಈ ನೋವಿಗೆ ಅಕ್ಯುಪಂಕ್ಚರ್ ಕೊಟ್ಟು ನೋಡಬಹುದು ಎಂದು ಅಮೆರಿಕದ ಅದೇ ಸಂಘದ 2022ರ ಮಾರ್ಗಸೂಚಿಯಲ್ಲಿದೆ ಎಂದು ಡಾಕ್ಟರ್ ಹೇಳಿ, ಬೆಂಗಳೂರಿನಲ್ಲಿ ತರಬೇತಿ ಪಡೆದವರೊಬ್ಬರ ಬಳಿ ಕಳಿಸಿದ್ದಾರೆ. ಎಡಗೈಗೆ ಸೂಜಿ ಚುಚ್ಚಕೂಡದು ಎಂದು ಚೀಟಿಯಲ್ಲೇ ಬರೆದುಕೊಟ್ಟರು. ನೋಟ್‌ಬುಕ್ಕಿನಲ್ಲಿ ಬೆರಳಿನ ಅಂಕ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಇದೇ ಮಾತ್ರೆ ಮೂಳೆಯನ್ನೂ ಸವೆಸುತ್ತದಂತೆ. ಮುಂದಿನ ಸಲ ಹೋದಾಗ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬರೆಸಿಕೊಳ್ಳಬೇಕು. ಮೂಳೆ ತೆಳುವಾಗಿದ್ದರೆ ಮುಂದಕ್ಕೆ ಬಗ್ಗುವ ಆಸನಗಳನ್ನು ತೆಗೆದುಹಾಕೋಣ, ರಿಪೋರ್ಟ್ ನನಗೂ ಕಳಿಸಿ ಎಂದು ಯೋಗ ಶಿಕ್ಷಕಿ ಈಗಾಗಲೇ ಫೋನು ಮಾಡಿದ್ದಾರೆ.